ಆಕ್ಸಿಜನ್ ಕಮ್ಮಿಯಾದರೆ ನನ್ನ ಉಸಿರು ಹೇಗೆ ನಡೆದುಕೊಳ್ಳುತ್ತದೆ? ಮೊದಲೇ ಪರೀಕ್ಷೆ ಮಾಡಿ ತಿಳಿಯಬಹುದೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವ. ವಯಸ್ಸು 57. ಶುಗರ್, ಬಿಪಿ ಇಲ್ಲ. ಮಗಳು, ಅಳಿಯನ ಜೊತೆ ಲೇಹ್‌ಗೆ ಹೋಗುವುದೆಂದಾಗಿದೆ. ಅಲ್ಲಿ ಆಕ್ಸಿಜನ್ ಕಮ್ಮಿಯಂತೆ. ನನ್ನ ಉಸಿರಾಟ ಅದನ್ನು ತಡೆದುಕೊಳ್ಳುತ್ತದೋ ಇಲ್ಲವೋ ಎಂದು ಹೋಗುವ ಮೊದಲೇ ಪರೀಕ್ಷೆ ಮಾಡಿಸಬಹುದೇ? ಮನೆಯಲ್ಲಿ ಕೋವಿಡ್ ಸಮಯದಲ್ಲಿ ತಂದ ಆಕ್ಸಿಮೀಟರ್ ಇದೆ. ಅದನ್ನು ಬೆರಳಿಗೆ ಹಾಕಿ ಉಸಿರು ಬಿಗಿಹಿಡಿದರೂ 97ರಿಂದ ಇಳಿಯುವುದಿಲ್ಲ. ಇದು ಒಳ್ಳೆಯ ಲಕ್ಷಣ ಅಲ್ವಾ? ಇನ್ನೊಂದು ಮಾತು. ನನ್ನ ಅಪ್ಪ ನೀರಿಗಾಗಿ ಸುರಂಗ ತೋಡುವ ಕೆಲಸ ಮಾಡುತ್ತಿದ್ದರು. ಒಳಗೆ ದೀಪ ಮಂಕಾದ ಮೇಲೂ ಸ್ವಲ್ಪ ಹೊತ್ತು ಕೆಲಸ ಮಾಡಿಯೇ ಹೊರಗೆ ಬರುತ್ತಿದ್ದರಂತೆ. ಆ ಗುಣ ನನಗೂ ಬಂದಿರಬಹುದೇ?

ಉತ್ತರ: ಪರೀಕ್ಷೆ ಇದೆ. ಒಂದಲ್ಲ, ಹಲವು ಬಗೆಯವು ಇವೆ. ಆದರೆ ಉಸಿರು ಬಿಗಿಹಿಡಿಯುವುದು ಅವುಗಳಲ್ಲಿ ಒಂದಲ್ಲ. ನಿಮ್ಮ ಅಪ್ಪನ ಸುರಂಗದ ಅನುಭವವೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಎರಡರಲ್ಲೂ ಆಕ್ಸಿಜನ್ ಇಳಿಯುವಾಗಲೇ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಉಸಿರನ್ನು ಎಳೆದಾಡುವುದು ಹೆಚ್ಚಾಗಿ ಆ ಎರಡನೆಯದು.

ಮೊದಲು ನಿಮ್ಮ ಆಕ್ಸಿಮೀಟರ್ ವಿಷಯ. ಪೂರ್ತಿ ಉಸಿರೆಳೆದು ಬಿಗಿಹಿಡಿದಾಗ ಎದೆಯೊಳಗೆ ನಾಲ್ಕೈದು ಲೀಟರ್ ಗಾಳಿ ಇರುತ್ತದೆ. ಸುಮ್ನೆ ಕೂತಿರುವ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಕ್ಸಿಜನ್ ಸಾಕು. ಹಾಗಾಗಿ ಒಂದು ನಿಮಿಷಕ್ಕೆ ದಾಸ್ತಾನು ಖಾಲಿಯಾಗುವುದಿಲ್ಲ. ಮೇಲಾಗಿ ಬೆರಳಿನ ತುದಿಗೆ ಸುದ್ದಿ ತಲುಪುವುದು ತಡ. ಶ್ವಾಸಕೋಶದಲ್ಲಿ ಆದ ಬದಲಾವಣೆ ಬೆರಳಿನಲ್ಲಿ ಕಾಣಲು ಇಪ್ಪತ್ತು, ಮೂವತ್ತು ಸೆಕೆಂಡ್ ಬೇಕು. ಕೈ ತಣ್ಣಗಿದ್ದರೆ ಇನ್ನೂ ಜಾಸ್ತಿ. ನೀವು 'ಆಗಲ್ಲಪ್ಪ' ಎಂದು ಉಸಿರು ಬಿಟ್ಟದ್ದು ಆಕ್ಸಿಜನ್ ಮುಗಿಯಿತೆಂದು ಅಲ್ಲ. ರಕ್ತದ ಕಾರ್ಬನ್ ಡೈಆಕ್ಸೈಡ್ 40ರಿಂದ 50 ಮಿಲಿಮೀಟರ್ ಪಾದರಸದ ಒತ್ತಡದ ಹತ್ತಿರಕ್ಕೆ ಏರಿತು, ಅದಕ್ಕೆ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿ ಆಮೇಲೆ ಬಿಗಿಹಿಡಿದರೆ ಜಾಸ್ತಿ ಹೊತ್ತು ಹಿಡಿಯಬಹುದು. ಯಾಕೆಂದರೆ ಕಾರ್ಬನ್ ಡೈಆಕ್ಸೈಡ್ ಮೊದಲೇ ಹೊರಹೋಗಿರುತ್ತದೆ. ಆದರೆ ಆಕ್ಸಿಜನ್ ಏನೂ ಹೆಚ್ಚಾಗಿರುವುದಿಲ್ಲ. ಕೆರೆಯಲ್ಲೋ ಹೊಳೆಯಲ್ಲೋ ಮುಳುಗುವ ಮಕ್ಕಳು ಹೀಗೆ ಮಾಡಿದರೆ ಉಸಿರು ಬೇಕೆನಿಸುವ ಮೊದಲೇ ನೀರಿನೊಳಗೆ ಪ್ರಜ್ಞೆ ತಪ್ಪಬಹುದು. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಹೇಳಿ.

ಈಗ ಒಳಗಿನ ವ್ಯವಸ್ಥೆ ಏನೆಂದು ನೋಡೋಣ. ದವಡೆಯ ಮೂಲೆಯ ಕೆಳಗೆ, ಕುತ್ತಿಗೆಯ ಪಕ್ಕ, ನಾಡಿ ಬಡಿಯುವುದು ಬೆರಳಿಗೆ ಸಿಗುತ್ತದೆ. ಅಲ್ಲಿ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನಲ್ಲಿ ಅಕ್ಕಿಕಾಳಿನಷ್ಟೇ ದೊಡ್ಡದಾದ ಒಂದು ಅಂಗವಿದೆ. ಹೆಸರು ಕೆರೋಟಿಡ್ ಬಾಡಿ. ಎಡಕ್ಕೊಂದು, ಬಲಕ್ಕೊಂದು. ರಕ್ತದಲ್ಲಿ ಆಕ್ಸಿಜನ್ ಇಳಿಯಿತು ಎಂಬ ಸುದ್ದಿಯನ್ನು ಮೆದುಳಿಗೆ ಕಳಿಸುವುದು ಮುಖ್ಯವಾಗಿ ಇವೇ. ಸ್ಪೇನಿನ ಫರ್ನಾಂಡೊ ದೆ ಕಾಸ್ತ್ರೊ 1920ರ ದಶಕದಲ್ಲಿ ಇದರ ರಚನೆ ನೋಡಿ, ಇದು ರಕ್ತದ ರುಚಿ ನೋಡುವ ಅಂಗ ಇರಬೇಕು ಎಂದು ಊಹಿಸಿದರು. ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅದನ್ನು ಪ್ರಯೋಗದಿಂದ ತೋರಿಸಿದರು. ಅವರಿಗೆ 1938ರ ನೊಬೆಲ್ ಬಂತು.

ಮನುಷ್ಯರಲ್ಲೂ ಹಾಗೆಯೇ ಎಂದು ಗಟ್ಟಿಯಾದದ್ದು ಜಪಾನಿನಿಂದ. ಅಲ್ಲಿ ಒಂದು ಕಾಲದಲ್ಲಿ ಅಸ್ತಮಾಕ್ಕೆ ಚಿಕಿತ್ಸೆ ಎಂದು ಕೆರೋಟಿಡ್ ಬಾಡಿಯನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಎರಡೂ ಬದಿಯದ್ದು ತೆಗೆಸಿಕೊಂಡವರನ್ನು ವರ್ಷಗಳ ನಂತರ ಪರೀಕ್ಷಿಸಿದಾಗ, ಆಕ್ಸಿಜನ್ ಇಳಿಸಿದರೂ ಅವರ ಉಸಿರು ಹೆಚ್ಚುಕಮ್ಮಿ ಏರಲೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಮಾತ್ರ ಏರುತ್ತಿತ್ತು. ಅದಕ್ಕೆ ಮುಖ್ಯ ಕಾವಲು ಮೆದುಳಿನ ಬುಡದಲ್ಲೇ ಇದೆ.

ಕಾರ್ಬನ್ ಡೈಆಕ್ಸೈಡ್‌ನ ಕಾವಲು ಬಹಳ ಚುರುಕು. ಒತ್ತಡ ಒಂದೇ ಒಂದು ಮಿಲಿಮೀಟರ್ ಏರಿದರೂ ಉಸಿರು ನಿಮಿಷಕ್ಕೆ ಸುಮಾರು ಎರಡು ಮೂರು ಲೀಟರ್ ಜಾಸ್ತಿಯಾಗುತ್ತದೆ. ಕೂತಿರುವಾಗ ನಾವು ಉಸಿರಾಡುವುದೇ ನಿಮಿಷಕ್ಕೆ ಆರೇಳು ಲೀಟರ್. ಆಕ್ಸಿಜನ್‌ನ ಕಾವಲು ಹಾಗಲ್ಲ. ರಕ್ತದಲ್ಲಿ ಅದರ ಒತ್ತಡ 100ರಿಂದ 60ರವರೆಗೆ ಇಳಿದರೂ ಉಸಿರಿನಲ್ಲಿ ದೊಡ್ಡ ಬದಲಾವಣೆ ಕಾಣದು. 60ರ ಕೆಳಗೆ ಹೋದಾಗ ಉಸಿರು ಸರ್ರನೆ ಏರುತ್ತದೆ. ಆಕ್ಸಿಮೀಟರ್‌ನ ಲೆಕ್ಕದಲ್ಲಿ ಹೇಳಿದರೆ ಅದು 90 ಪರ್ಸೆಂಟಿನ ಆಸುಪಾಸು.

ಈ ಎರಡು ಕಾವಲು ಒಂದಕ್ಕೊಂದು ಅಡ್ಡ ಬರುವುದರಿಂದಲೇ ಪರೀಕ್ಷೆ ಕಷ್ಟ. ಆಕ್ಸಿಜನ್ ಕಮ್ಮಿ ಇರುವ ಗಾಳಿ ಕೊಟ್ಟೆವು ಎನ್ನಿ. ಉಸಿರು ಏರುತ್ತದೆ. ಏರಿದ ಉಸಿರು ಕಾರ್ಬನ್ ಡೈಆಕ್ಸೈಡ್ ಅನ್ನು ಹೊರಗೆ ತಳ್ಳುತ್ತದೆ. ಅದು ಇಳಿದ ಕೂಡಲೇ ಮೆದುಳು 'ಇಷ್ಟು ಉಸಿರು ಬೇಡ' ಎಂದು ತಡೆ ಹಾಕುತ್ತದೆ. ಕೊನೆಗೆ ನಾವು ಅಳೆಯುವುದು ತಳ್ಳುವುದಕ್ಕೂ ತಡೆಯುವುದಕ್ಕೂ ನಡುವೆ ಉಳಿದದ್ದನ್ನು. ಬರೀ ಆಕ್ಸಿಜನ್‌ನ ಉತ್ತರ ಬೇಕಾದರೆ ಕಾರ್ಬನ್ ಡೈಆಕ್ಸೈಡ್ ಅನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರದ ಜೀವಾಳವೇ ಇದು. ಯಾವುದೇ ಪರೀಕ್ಷೆಯ ಫಲಿತಾಂಶ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಕಾರ್ಬನ್ ಡೈಆಕ್ಸೈಡ್‌ನ ಮಟ್ಟ ತೋರಿಸುವ ಗೆರೆಯನ್ನು. ಅದು ಇಲ್ಲದಿದ್ದರೆ ಉಳಿದ ಸಂಖ್ಯೆಗಳಿಗೆ ಅರ್ಥ ಹಚ್ಚುವುದು ಕಷ್ಟ.

ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1970ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ವೈಲ್ ಮತ್ತು ಸಂಗಡಿಗರು ಆಕ್ಸಿಜನ್ ಅನ್ನು ಮೆಲ್ಲಮೆಲ್ಲನೆ ಇಳಿಸುತ್ತ ಅಳೆಯುವ ಕ್ರಮ ತಂದರು. 1974ರಲ್ಲಿ ರೆಬಕ್ ಮತ್ತು ಕ್ಯಾಂಬೆಲ್ ಅದನ್ನು ಆಸ್ಪತ್ರೆಯಲ್ಲೂ ಮಾಡಬಹುದಾದಷ್ಟು ಸರಳ ಮಾಡಿದರು. ನಿಮ್ಮನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಮೂಗಿಗೆ ಕ್ಲಿಪ್, ಬಾಯಿಗೆ ರಬ್ಬರಿನ ಮೌತ್‌ಪೀಸ್. ಕೊಳವೆಯ ಇನ್ನೊಂದು ತುದಿಯಲ್ಲಿ ಕೆಲವು ಲೀಟರ್ ಗಾಳಿ ಹಿಡಿಯುವ ಚೀಲ. ನೀವು ಬಿಟ್ಟ ಉಸಿರನ್ನೇ ನೀವು ಮತ್ತೆ ಎಳೆದುಕೊಳ್ಳುತ್ತೀರಿ. ಪ್ರತಿ ಉಸಿರಿಗೂ ನಿಮ್ಮ ದೇಹವೇ ಚೀಲದ ಆಕ್ಸಿಜನ್ ಅನ್ನು ಸ್ವಲ್ಪ ಸ್ವಲ್ಪ ಖಾಲಿ ಮಾಡುತ್ತದೆ. ಕೊಳವೆಯ ಒಂದು ಕವಲಿನಲ್ಲಿ ಸೋಡಾ ಲೈಮ್ ತುಂಬಿದ ಡಬ್ಬಿ ಇರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರಕ್ಕೆ ತುಂಬುವ ಕಾಳುಗಳೇ ಇವು. ಅವು ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತವೆ. ಪಕ್ಕದಲ್ಲಿ ನಿಂತವರು ಪರದೆಯ ಮೇಲಿನ ಗೆರೆ ನೋಡುತ್ತ, ಎಷ್ಟು ಗಾಳಿ ಡಬ್ಬಿಯ ಮೂಲಕ ಹೋಗಬೇಕು, ಎಷ್ಟು ನೇರ ಹೋಗಬೇಕು ಎಂದು ಹೊಂದಿಸುತ್ತಲೇ ಇರುತ್ತಾರೆ. ಕಾರ್ಬನ್ ಡೈಆಕ್ಸೈಡ್ ಗೆರೆ ಸಮತಟ್ಟಾಗಿ ಇರಬೇಕು, ಆಕ್ಸಿಜನ್ ಗೆರೆ ಇಳಿಯುತ್ತಾ ಹೋಗಬೇಕು. ಕೆಲವೇ ನಿಮಿಷದ ಕೆಲಸ. ಆಕ್ಸಿಮೀಟರ್ 80 ಅಥವಾ 75ರ ಹತ್ತಿರ ಬಂದಾಗ ನಿಲ್ಲಿಸುತ್ತಾರೆ. ಜೊತೆಗೆ ಇಸಿಜಿ ಓಡುತ್ತಿರುತ್ತದೆ. ಆಕ್ಸಿಜನ್ ಸಿಲಿಂಡರ್ ಕೈಗೆಟುಕುವಂತೆ ಇರುತ್ತದೆ.

ಲೆಕ್ಕ ಸುಲಭ. ಉದಾಹರಣೆಗೆ, 97 ಇದ್ದದ್ದು 80ಕ್ಕೆ ಇಳಿಯುವಷ್ಟರಲ್ಲಿ ಉಸಿರು ನಿಮಿಷಕ್ಕೆ 7 ಲೀಟರಿನಿಂದ 20ಕ್ಕೆ ಏರಿತು ಎನ್ನಿ. ಹದಿನೇಳು ಪಾಯಿಂಟ್ ಇಳಿತಕ್ಕೆ ಹದಿಮೂರು ಲೀಟರ್ ಏರಿಕೆ. ಅಂದರೆ ಒಂದು ಪರ್ಸೆಂಟ್ ಇಳಿತಕ್ಕೆ ಮುಕ್ಕಾಲು ಲೀಟರ್. ಆಕ್ಸಿಜನ್ ಒತ್ತಡದ ಎದುರು ಗ್ರಾಫ್ ಹಾಕಿದರೆ ಗೆರೆ ಡೊಂಕು. ಆಕ್ಸಿಮೀಟರ್‌ನ ಪರ್ಸೆಂಟಿನ ಎದುರು ಹಾಕಿದರೆ ಹೆಚ್ಚುಕಮ್ಮಿ ನೇರ. ಅದಕ್ಕೇ ಎಲ್ಲರೂ ಪರ್ಸೆಂಟಿನ ಲೆಕ್ಕವನ್ನೇ ಇಷ್ಟಪಡುತ್ತಾರೆ. ಆರೋಗ್ಯವಂತರಲ್ಲೂ ಈ ಸಂಖ್ಯೆ ಒಬ್ಬರಿಂದೊಬ್ಬರಿಗೆ ಹಲವು ಪಟ್ಟು ಬದಲಾಗುತ್ತದೆ. ಒಬ್ಬರದೇ ಸಂಖ್ಯೆ ಇವತ್ತೊಂದು, ಮುಂದಿನ ವಾರ ಇನ್ನೊಂದು ಬರುವುದೂ ಉಂಟು. ಹಾಗಾಗಿ ಒಂದೇ ಸಲದ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಎರಡು ಮೂರು ಸಲ ಮಾಡಿ ಸರಾಸರಿ ನೋಡಬೇಕು.

ಎಷ್ಟು ಹೊತ್ತು ಅಳೆಯುತ್ತೇವೆ ಎಂಬುದೂ ಮುಖ್ಯ. ಆಕ್ಸಿಜನ್ ಅನ್ನು ಒಮ್ಮೆಲೇ ಇಳಿಸಿ ಹಾಗೆಯೇ ಬಿಟ್ಟರೆ ಮೊದಲ ಐದು ನಿಮಿಷದಲ್ಲಿ ಉಸಿರು ಏರಿ ಶಿಖರ ಮುಟ್ಟುತ್ತದೆ. ಆಮೇಲೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ತಾನಾಗಿಯೇ ಸ್ವಲ್ಪ ಇಳಿದು ನಿಲ್ಲುತ್ತದೆ. ಕಾರ್ಬನ್ ಡೈಆಕ್ಸೈಡ್ ಅನ್ನು ಅಲುಗಾಡದಂತೆ ಹಿಡಿದರೂ ಇಳಿಯುತ್ತದೆ. ಇನ್ನು ಎತ್ತರದ ಊರಿನಲ್ಲೇ ಉಳಿದರೆ ದಿನದಿಂದ ದಿನಕ್ಕೆ ಉಸಿರು ಮತ್ತೆ ಏರುತ್ತದೆ. ಹೊಂದಿಕೊಳ್ಳುವುದು ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಇದೇ. ಮೂರು ನಿಮಿಷದ ಪರೀಕ್ಷೆ, ಅರ್ಧ ಗಂಟೆಯ ಪರೀಕ್ಷೆ, ಮೂರು ದಿನದ ನಂತರದ ಪರೀಕ್ಷೆ, ಈ ಮೂರೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ. ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಇಟ್ಟು ನೋಡಬಾರದು.

ಕೆರೋಟಿಡ್ ಬಾಡಿಯ ಚುರುಕು ಮಾತ್ರ ನೋಡಬೇಕಾದರೆ ಚುಟುಕು ಪರೀಕ್ಷೆಗಳಿವೆ. ಎರಡರಿಂದ ಎಂಟು ಉಸಿರು ಬರೀ ನೈಟ್ರೋಜನ್ ಕೊಟ್ಟು ತಕ್ಷಣ ಮಾಮೂಲಿ ಗಾಳಿಗೆ ತಿರುಗಿಸುತ್ತಾರೆ. ಆಕ್ಸಿಜನ್ ಒಂದು ಕ್ಷಣ ಕುಸಿಯುತ್ತದೆ, ಉಸಿರು ಎದ್ದು ಮತ್ತೆ ಕೂರುತ್ತದೆ. ಮೆದುಳಿನ ಬೇರೆ ಪ್ರಭಾವಗಳು ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಫ್ರಾನ್ಸಿನ ಪಿಯೆರ್ ದೆಜೂರ್ ಅವರ ಪರೀಕ್ಷೆ. ಅವರು ಕೆಲವು ಉಸಿರು ಶುದ್ಧ ಆಕ್ಸಿಜನ್ ಕೊಟ್ಟರು. ಕೆರೋಟಿಡ್ ಬಾಡಿ ಒಮ್ಮೆ ಸುಮ್ಮನಾಗುತ್ತದೆ, ಉಸಿರು ಸ್ವಲ್ಪ ತಗ್ಗುತ್ತದೆ. ತಗ್ಗಿದ್ದು ಎಷ್ಟೋ ಅಷ್ಟು ಅದರ ಪಾಲು. ರೋಗಿಗೆ ಆಕ್ಸಿಜನ್ ಕಮ್ಮಿ ಮಾಡುವ ಭಯವೇ ಇಲ್ಲದ್ದರಿಂದ ನನಗೆ ಈ ಉಪಾಯ ಬಹಳ ಇಷ್ಟ.

ಸಂಶೋಧನೆಗೆ ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು ಕಂಪ್ಯೂಟರ್ ನಡೆಸುವ ವಿಧಾನ. ಆಕ್ಸ್‌ಫರ್ಡ್‌ನಲ್ಲಿ 1980ರ ದಶಕದಲ್ಲಿ ಇದು ಚೆನ್ನಾಗಿ ಬೆಳೆಯಿತು. ಪ್ರತಿ ಉಸಿರಿನ ಕೊನೆಯ ಗಾಳಿಯನ್ನು ಯಂತ್ರ ಅಳೆದು, ಮುಂದಿನ ಉಸಿರಿಗೆ ಆಕ್ಸಿಜನ್, ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಎಷ್ಟೆಷ್ಟು ಬೆರೆಸಬೇಕೆಂದು ಆಗಲೇ ತೀರ್ಮಾನಿಸುತ್ತದೆ.

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಉಸಿರು ಬಹಳ ನಾಚಿಕೆಯ ವಸ್ತು. ನೋಡುತ್ತಿದ್ದಾರೆ ಎಂದರೆ ಬದಲಾಗುತ್ತದೆ. ಮೌತ್‌ಪೀಸ್ ಕಚ್ಚಿದ ಕೂಡಲೇ ಜನ ಆಳವಾಗಿ ಉಸಿರಾಡತೊಡಗುತ್ತಾರೆ. ಹಾಗಾಗಿ ಮೊದಲ ಹತ್ತು ನಿಮಿಷ ಸುಮ್ನೆ ಕೂರಿಸಿ ಅಭ್ಯಾಸ ಮಾಡಿಸಬೇಕು. ಗ್ಯಾಸ್ ಬದಲಿಸುವ ವಾಲ್ವ್ ಅವರ ಕಣ್ಣಿಗೆ ಬೀಳಬಾರದು, ಟಕ್ ಎಂಬ ಸದ್ದು ಕಿವಿಗೆ ಬೀಳಬಾರದು. ಅದಕ್ಕೆಂದೇ ಹಾಡು ಹಾಕುವುದುಂಟು. ಕಾಫಿ, ಚಹಾ ಹಿಂದಿನ ರಾತ್ರಿಯಿಂದಲೇ ಬೇಡ, ಯಾಕೆಂದರೆ ಕೆಫೀನ್ ಉಸಿರನ್ನು ಚುರುಕು ಮಾಡುತ್ತದೆ. ಹೊಟ್ಟೆ ತುಂಬಾ ಊಟ ಮಾಡಿ ಬರಬಾರದು. ಹೆಂಗಸರಲ್ಲಿ ತಿಂಗಳ ಯಾವ ದಿನ ಎಂಬುದನ್ನೂ ಬರೆದಿಡಬೇಕು. ಪ್ರೊಜೆಸ್ಟರಾನ್ ಹಾರ್ಮೋನ್ ಏರಿದಾಗ ಉಸಿರೂ ಏರುತ್ತದೆ. ಉಗುರಿಗೆ ಬಣ್ಣ ಇದ್ದರೆ ಒರೆಸಬೇಕು, ಬೆರಳಿಗೆ ದಟ್ಟ ಮದರಂಗಿ ಇದ್ದರೆ ಕಿವಿಯ ಹಾಲೆಗೆ ಹಾಕುವ ಆಕ್ಸಿಮೀಟರ್ ಒಳ್ಳೆಯದು. ಬೆರಳಿಗಿಂತ ಕಿವಿ ಬೇಗ ಸುದ್ದಿ ಕೊಡುತ್ತದೆ ಕೂಡ.

ಇವೆಲ್ಲ ಕೇಳಿ ಮನೆಯಲ್ಲೇ ಚೀಲ ಕಟ್ಟಿಕೊಂಡು ನೋಡುವ ಯೋಚನೆ ಯಾರಿಗೂ ಬಾರದಿರಲಿ. 1875ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ಜೆನಿತ್ ಎಂಬ ಬಲೂನಿನಲ್ಲಿ ಮೂವರು ಎಂಟು ಸಾವಿರ ಮೀಟರ್ ದಾಟಿ ಹೋದರು. ಆಕ್ಸಿಜನ್ ಚೀಲಗಳು ಪಕ್ಕದಲ್ಲೇ ಇದ್ದವು. ಇಬ್ಬರು ಸತ್ತರು. ಬದುಕಿ ಬಂದ ಗಾಸ್ತೋ ತಿಸಾಂದಿಯೇ, ಕೊಳವೆ ಹಿಡಿಯಬೇಕೆಂದು ಅನಿಸಿತು, ಆದರೆ ಕೈ ಏಳಲಿಲ್ಲ ಎಂದು ಬರೆದಿದ್ದಾರೆ. ನೋವಿರಲಿಲ್ಲ, ಒಳಗೆ ಒಂದು ಬಗೆಯ ಖುಷಿಯೇ ಇತ್ತಂತೆ. ಕಾರ್ಬನ್ ಡೈಆಕ್ಸೈಡ್ ಏರದೆ ಆಕ್ಸಿಜನ್ ಮಾತ್ರ ಇಳಿದರೆ ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ. ಕೋವಿಡ್‌ನಲ್ಲಿ ಕೆಲವರು 80ರ ಆಸುಪಾಸಿನಲ್ಲೂ ಆರಾಮಾಗಿ ಫೋನಿನಲ್ಲಿ ಮಾತಾಡುತ್ತಿದ್ದದ್ದಕ್ಕೆ ಇದೂ ಒಂದು ಕಾರಣ.

ಇನ್ನು ನಿಮ್ಮ ಅಪ್ಪನ ವಿಷಯ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಬಾಯಾರು, ಎಣ್ಮಕಜೆ ಕಡೆಯವರಿಗೆ ಹೊಸದಲ್ಲ. ಅವುಗಳನ್ನು ತೋಡಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ, ಮುಂದೆ ದಾರಿ ಇಲ್ಲ, ಗಾಳಿ ಆಡುವುದಿಲ್ಲ. ಒಳಗಿರುವವನ ಉಸಿರೂ ದೀಪವೂ ಸೇರಿ ಆಕ್ಸಿಜನ್ ಅನ್ನು 21ರಿಂದ 17 ಪರ್ಸೆಂಟಿಗೆ ತಂದವು ಎನ್ನಿ. ಅಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 3 ಪರ್ಸೆಂಟ್ ಆಗಿರುತ್ತದೆ. 3 ಪರ್ಸೆಂಟ್ ಎಂದರೆ ಉಸಿರು ಸುಮಾರು ಎರಡು ಪಟ್ಟು. ತಲೆನೋವು, ಬೆವರು. ಮೇಣದ ಬತ್ತಿ ಆರುವುದು 16 ಪರ್ಸೆಂಟಿನ ಹತ್ತಿರ. ಅಲ್ಲಿಯವರೆಗೂ ಕೆರೋಟಿಡ್ ಬಾಡಿಗೆ ಆಕ್ಸಿಜನ್ ಕಮ್ಮಿಯಾಯಿತು ಎಂದು ಗಟ್ಟಿಯಾಗಿ ಅನಿಸುವುದಿಲ್ಲ. ಅಂದರೆ ಅಪ್ಪ ತಡೆದುಕೊಂಡದ್ದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಅನ್ನು.

ಲೇಹ್‌ನಲ್ಲಿ ಇದು ಪೂರಾ ತಿರುವುಮುರುವು. ಅಲ್ಲೂ ಗಾಳಿಯಲ್ಲಿ ಆಕ್ಸಿಜನ್ 21 ಪರ್ಸೆಂಟೇ. ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೆ 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಕಮ್ಮಿ. ನಮ್ಮ ಸಮುದ್ರ ಮಟ್ಟದಲ್ಲಿ ಸುಮಾರು 13 ಪರ್ಸೆಂಟ್ ಆಕ್ಸಿಜನ್ ಉಸಿರಾಡಿದರೆ ಹೇಗೋ ಹಾಗೆ. ಕಾರ್ಬನ್ ಡೈಆಕ್ಸೈಡ್ ಏರುವುದಿಲ್ಲ, ಇಳಿಯುತ್ತದೆ. ದೀಪ ಅಲ್ಲಿ ಏನೂ ಹೇಳದು. ಆಕ್ಸಿಜನ್‌ಗೆ ಉಸಿರು ಹೇಗೆ ಸ್ಪಂದಿಸುತ್ತದೆ ಎಂಬುದು ಒಂದಷ್ಟು ವಂಶದಿಂದ ಬರುತ್ತದೆ ಎಂಬುದು ನಿಜ, ಅವಳಿಗಳಲ್ಲಿ ಅದು ಕಂಡಿದೆ. ಆದರೆ ಅಪ್ಪನದು ಹೇಗಿತ್ತು ಎಂದು ಸುರಂಗದಿಂದ ತಿಳಿಯುವುದಿಲ್ಲ. ಒಂದು ಮಾತು ಒತ್ತಿ ಹೇಳಬೇಕು. ಏದುಸಿರು ಬಾರದಿರುವುದು ಬಲದ ಗುರುತಲ್ಲ. ಎತ್ತರದಲ್ಲಿ ಉಸಿರು ಚೆನ್ನಾಗಿ ಏರುವವರ ರಕ್ತದಲ್ಲೇ ಆಕ್ಸಿಜನ್ ಜಾಸ್ತಿ ಉಳಿಯುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವ ಎತ್ತರದ ಕಾಯಿಲೆ ಬರುವವರಲ್ಲಿ ಹಲವರ ಉಸಿರು ಮಂದವಾಗಿ ಸ್ಪಂದಿಸುವುದು ಕಂಡಿದೆ. ಈಗಲೂ ಊರಲ್ಲಿ ಯಾರಾದರೂ ಹಳೇ ಸುರಂಗ, ಬಾವಿಗೆ ಇಳಿಯುವುದಿದ್ದರೆ ದೀಪವನ್ನು ನಂಬಬೇಡಿ. 19.5 ಪರ್ಸೆಂಟಿಗಿಂತ ಕೆಳಗೆ ಹೋದರೆ ಕೂಗುವ ಗ್ಯಾಸ್ ಮೀಟರ್ ಬಾಡಿಗೆಗಾದರೂ ತನ್ನಿ.

ಹಾಗಾದರೆ ನೀವು ಯಾವ ಪರೀಕ್ಷೆ ಮಾಡಿಸಬೇಕು? ಮೇಲೆ ಹೇಳಿದ ಚೀಲದ ಪರೀಕ್ಷೆ ಸಂಶೋಧನಾಲಯದ್ದು. ಮಂಗಳೂರಿಗೋ ಕಣ್ಣೂರಿಗೋ ಹೋಗಿ ಪಿಎಫ್‌ಟಿ (ಕೊಳವೆಗೆ ಊದಿಸಿ ಮಾಡುವ ಶ್ವಾಸಕೋಶದ ಪರೀಕ್ಷೆ) ಮಾಡಿಸಿದರೆ ಶ್ವಾಸಕೋಶದ ಶಕ್ತಿ ಗೊತ್ತಾಗುತ್ತದೆಯೇ ಹೊರತು ಇದು ಗೊತ್ತಾಗುವುದಿಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಒತ್ತಡ ಇಳಿಸುವ ಕೋಣೆ ಇದೆ, ಅದು ವಾಯುಪಡೆಯ ಪೈಲಟ್‌ಗಳ ತರಬೇತಿಗೆ. ಉಸಿರಾಟದ ಕಾಯಿಲೆ ಇರುವವರು ವಿಮಾನ ಹತ್ತಬಹುದೇ ಎಂದು ನೋಡಲು 15 ಪರ್ಸೆಂಟ್ ಆಕ್ಸಿಜನ್ ಅನ್ನು ಇಪ್ಪತ್ತು ನಿಮಿಷ ಕೊಡುವ ಪರೀಕ್ಷೆ ಇದೆ. ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ್ದಕ್ಕೆ ಸಮ, ಅದಕ್ಕೆ ಆ ಲೆಕ್ಕ. ನಿಮಗೆ ಕಾಯಿಲೆ ಇಲ್ಲವಾದ್ದರಿಂದ ಅದರ ಅಗತ್ಯ ಕಾಣುವುದಿಲ್ಲ. ಫ್ರಾನ್ಸಿನ ರಿಶಲೇ ಅವರದು ಇನ್ನೊಂದು ಪರೀಕ್ಷೆ. 4,800 ಮೀಟರ್‌ಗೆ ಸಮನಾದ 11.5 ಪರ್ಸೆಂಟ್ ಆಕ್ಸಿಜನ್ ಕೊಟ್ಟು ಸೈಕಲ್ ತುಳಿಸಿ ನೋಡುತ್ತಾರೆ. ಕೂತಲ್ಲೇ ಮಾಡುವ ಪರೀಕ್ಷೆಗಿಂತ ಇದು ಎತ್ತರದ ಕಾಯಿಲೆಯನ್ನು ಸ್ವಲ್ಪ ಚೆನ್ನಾಗಿ ಊಹಿಸುತ್ತದೆ. ಆದರೂ ಖಾತ್ರಿ ಇಲ್ಲ. ಹಿಂದೆ ಎತ್ತರಕ್ಕೆ ಹೋದಾಗ ಏನಾಗಿತ್ತು, ಈಗ ಎಷ್ಟು ಬೇಗ ಏರುತ್ತಿದ್ದೀರಿ, ಇವೆರಡು ಪ್ರಶ್ನೆ ಯಂತ್ರಗಳಷ್ಟೇ ಕೆಲಸಕ್ಕೆ ಬರುತ್ತವೆ.

ನಿಮ್ಮ ಮನೆ ಸಮುದ್ರದಿಂದ ಬಹಳ ಎತ್ತರದಲ್ಲಿಲ್ಲ. ವಿಮಾನ ಇಳಿದ ಕೂಡಲೇ 3,500 ಮೀಟರ್. ಆದ್ದರಿಂದ ಅಳಿಯನಿಗೆ ಈಗಲೇ ಹೇಳಿ, ಲೇಹ್‌ನಲ್ಲಿ ಕನಿಷ್ಠ ಮೊದಲ ಎರಡು ದಿನ ಎಲ್ಲಿಗೂ ಓಡಾಡದೆ ಕೂರುವಂತೆ ಪ್ಲಾನ್ ಮಾಡಲಿ. 5,300 ಮೀಟರ್ ದಾಟುವ ಖರ್ದುಂಗ್ ಲಾ ಆಮೇಲೆ. ಅಲ್ಲಿ ರಾತ್ರಿ ಉಳಿಯುವುದು ಬೇಡ. ಆಕ್ಸಿಮೀಟರ್ ತೆಗೆದುಕೊಂಡು ಹೋಗಿ. ಮೊದಲ ದಿನ 90ರ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಕೆಳಗೆ ಕಂಡರೆ ಗಾಬರಿ ಬೇಡ. ಬೆರಳನ್ನು ಬೆಚ್ಚಗೆ ಮಾಡಿ, ಐದು ನಿಮಿಷ ಕೂತು ನೋಡಿ. ಜೊತೆಯವರಿಗಿಂತ ತುಂಬಾ ಕೆಳಗಿದ್ದು, ದಿನ ಕಳೆದರೂ ಏರದಿದ್ದರೆ ಹುಷಾರು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಡುವುದು, ಮಾತು ತಪ್ಪುವುದು, ಇವುಗಳಲ್ಲಿ ಯಾವುದು ಬಂದರೂ ಸಂಖ್ಯೆ ನೋಡುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆ, ತಕ್ಷಣ ಕೆಳಗೆ.

ಎತ್ತರದ ಕಾಯಿಲೆ ಬಾರದಂತೆ ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಕೇಳಿ. ನೇರ ವಿಮಾನದಲ್ಲಿ ಲೇಹ್‌ಗೆ ಹೋಗುವವರಿಗೆ ಅದನ್ನು ಸಾಮಾನ್ಯವಾಗಿ ಹಿಂದಿನ ದಿನದಿಂದಲೇ, 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ಅದು ಮೂತ್ರಪಿಂಡದ ಮೂಲಕ ಬೈಕಾರ್ಬನೇಟ್ ಹೊರಹಾಕಿಸಿ, ಕಾರ್ಬನ್ ಡೈಆಕ್ಸೈಡ್ ಇಳಿದಾಗ ಮೆದುಳು ಹಾಕುವ ಆ ತಡೆಯನ್ನು ಸಡಿಲ ಮಾಡುತ್ತದೆ. ಎರಡು ಮೂರು ದಿನದಲ್ಲಿ ದೇಹ ತಾನಾಗಿ ಮಾಡುವ ಕೆಲಸ ಸ್ವಲ್ಪ ಬೇಗ ಆಗುತ್ತದೆ, ಅಷ್ಟೆ. ಬೆರಳ ತುದಿ ಜುಮ್ ಎನ್ನಬಹುದು, ಮೂತ್ರ ಜಾಸ್ತಿ ಹೋಗಬಹುದು. ಸಲ್ಫಾ ಮಾತ್ರೆಗೆ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮನೆಯಲ್ಲೇ ಒಂದು ದಿನ ತೆಗೆದುಕೊಂಡು ಹೇಗಾಗುತ್ತದೆ ನೋಡಿ ಆಮೇಲೆ ಹೊರಡಿ.